ಚೆನ್ನಾಗಿದೆ ಎಂದರೆ ಸಾಲದು



ನಿಮ್ಮ ಮನೆಯಲ್ಲಿ ಕಾಲೇಜಿಗೆ ಹೋಗುವ ಮಗನೋ ಮಗಳೋ ಇದ್ದರೆ, ಒಂದಲ್ಲ ಒಂದು ದಿನ ವೆಬ್‌ಸೈಟಿನ ನಕ್ಷೆಯೊಂದನ್ನು ನಿಮ್ಮ ಮುಂದೆ ಹಿಡಿದು "ಹೇಗಿದೆ ನೋಡಿ" ಎಂದು ಕೇಳಿರಬಹುದು. ಇಂಥ ಪ್ರಾಜೆಕ್ಟು ಈಗ ಕಂಪ್ಯೂಟರ್ ಓದುವವರಿಗೆ ಮಾತ್ರವಲ್ಲ, ಕಾಮರ್ಸ್, ಪತ್ರಿಕೋದ್ಯಮ, ವಿನ್ಯಾಸ ಓದುವವರಿಗೂ ಇರುತ್ತದೆ. ನಾವು ಏನು ಹೇಳುತ್ತೇವೆ? "ಚೆನ್ನಾಗಿದೆ" ಎನ್ನುತ್ತೇವೆ. ತರಗತಿಯಲ್ಲಿ ಗೆಳೆಯರೂ ಅದನ್ನೇ ಹೇಳುತ್ತಾರೆ. ಇಲ್ಲವೇ ಇನ್ನೊಂದು ತುದಿಗೆ ಹೋಗಿ "ಇದೇನೇ, ಮದುವೆ ಕರೆಯೋಲೆ ಇದ್ದ ಹಾಗಿದೆ" ಎಂದು ನಗುತ್ತಾರೆ. ಹೊಗಳಿಕೆ ಕೇಳಿ ಹುಡುಗಿ ಹಿಗ್ಗಬಹುದು, ನಗು ಕೇಳಿ ಕುಗ್ಗಬಹುದು. ಆದರೆ ಮಾರನೆಯ ದಿನ ಆ ನಕ್ಷೆಯಲ್ಲಿ ಏನನ್ನು ತಿದ್ದಬೇಕು ಎಂಬುದು ಎರಡರಿಂದಲೂ ತಿಳಿಯುವುದಿಲ್ಲ.

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂಬ ಗಾದೆ ನಿಮಗೆ ಗೊತ್ತೇ ಇದೆ. ಅಭಿಪ್ರಾಯ ಹೇಳುವಾಗ ನಮ್ಮ ಕೈಯಲ್ಲಿ ದೊಣ್ಣೆ ಇರುತ್ತದೆ, ಅದನ್ನು ಮರೆಯಬಾರದು. ಹಾಗೆಂದು ದೊಣ್ಣೆಗೆ ಹೆದರಿ, ಬಿರುಕು ಬಿಟ್ಟ ಮಡಕೆಯನ್ನು ನೋಡಿಯೂ ಸುಮ್ಮನಿದ್ದರೆ ಅದೂ ಉಪಕಾರವಲ್ಲ. ಸಹಪಾಠಿಯ ವೆಬ್‌ಸೈಟ್ ವಿನ್ಯಾಸದ ಬಗ್ಗೆ ಉಪಯೋಗಕ್ಕೆ ಬರುವಂತೆ ಅಭಿಪ್ರಾಯ ಹೇಳುವುದು ಹೇಗೆ ಎಂಬುದೇ ಇಂದಿನ ಮಾತು. ವಿದ್ಯಾರ್ಥಿಗಳಿಗೆ ಹೇಳುತ್ತಿದ್ದೇನೆ, ಆದರೆ ಮನೆಯ ಹಿರಿಯರೂ ಕಿವಿಗೊಡಬೇಕು. ನಿಮಗೂ ಇದರಲ್ಲಿ ಕೆಲಸವಿದೆ.

ಒಂದು ಹಳೆಯ ಪ್ರಸಂಗ ಕೇಳಿ. 1989ರ ಮಾರ್ಚ್ ತಿಂಗಳು. ಜಿನೀವಾದ ಹತ್ತಿರ ಇರುವ ಸರ್ನ್ ಎಂಬ ಭೌತವಿಜ್ಞಾನ ಸಂಶೋಧನಾ ಸಂಸ್ಥೆಯಲ್ಲಿ ಟಿಮ್ ಬರ್ನರ್ಸ್-ಲೀ ಎಂಬ ಇಂಗ್ಲೆಂಡಿನ ತರುಣ ಒಂದು ಯೋಜನೆ ಬರೆದು ತನ್ನ ಮೇಲಧಿಕಾರಿ ಮೈಕ್ ಸೆಂಡಾಲ್ ಅವರಿಗೆ ಕೊಟ್ಟರು. ಅಲ್ಲಿನ ಕಡತಗಳು, ಕಾಗದಪತ್ರಗಳು ಚೆಲ್ಲಾಪಿಲ್ಲಿಯಾಗದೆ ಒಂದಕ್ಕೊಂದು ಕೊಂಡಿಯಾಗಿ ಸಿಗುವಂತೆ ಮಾಡುವ ವಿಚಾರ ಅದು. ಸೆಂಡಾಲ್ ಆ ಪುಟದ ಮೇಲೆ ಒಂದು ಪುಟ್ಟ ಟಿಪ್ಪಣಿ ಬರೆದರು. ಅದರ ಅರ್ಥ: ಅಸ್ಪಷ್ಟ, ಆದರೆ ರೋಮಾಂಚಕ. 1990ರಲ್ಲಿ ಈ ವಿಚಾರದ ಮೇಲೆ ಕೆಲಸ ಮಾಡಲು ಸಮಯವನ್ನೂ ಕೊಟ್ಟರು. ಆ ವರ್ಷದ ಕೊನೆಗೆ ಜಗತ್ತಿನ ಮೊದಲ ವೆಬ್ ಸರ್ವರ್, ಮೊದಲ ಬ್ರೌಸರ್ ಎರಡೂ ಸಿದ್ಧವಾದವು. ಇಂದು ನಾವು ನೀವು ಬಳಸುವ ವೆಬ್ ಹುಟ್ಟಿದ್ದು ಹೀಗೆ.

ಆ ಟಿಪ್ಪಣಿಯಲ್ಲಿ ಬರಿ ಹೊಗಳಿಕೆ ಇರಲಿಲ್ಲ, ಬರಿ ತೆಗಳಿಕೆಯೂ ಇರಲಿಲ್ಲ. ಕೊರತೆಯನ್ನು ಮುಚ್ಚಿಡದೆ ಹೇಳಿದರು, ಸತ್ವವನ್ನೂ ಗುರುತಿಸಿದರು. ಎಳೆಯ ವಿಚಾರಕ್ಕೆ ಬೇಕಾದದ್ದು ಇದೇ. ಆದರೆ ಕಲಿಯುವ ಮಕ್ಕಳಿಗೆ ಇದರ ಜೊತೆಗೆ ಇನ್ನೊಂದೂ ಬೇಕು. ಎಲ್ಲಿ ಅಸ್ಪಷ್ಟ, ಮುಂದೆ ಏನು ಮಾಡಲಿ ಎಂಬುದೂ ತಿಳಿಯಬೇಕು.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಡೊಂಬಿವಿಲಿಯಲ್ಲೋ ಪುಣೆಯಲ್ಲೋ ಇರುವ ನಮ್ಮದೇ ಕನ್ನಡ ಮನೆಯ ಹುಡುಗಿ. ಕಾಲೇಜಿನ ಪ್ರಾಜೆಕ್ಟಿಗೆ ತನ್ನ ಬಡಾವಣೆಯ ಕನ್ನಡ ಸಂಘಕ್ಕೆ ಒಂದು ವೆಬ್‌ಸೈಟ್ ಮಾಡಬೇಕೆಂದಿದ್ದಾಳೆ. ಸಂಘದಲ್ಲಿ ಪುಟ್ಟ ಗ್ರಂಥಾಲಯವಿದೆ, ಭಾನುವಾರ ಮಕ್ಕಳಿಗೆ ಕನ್ನಡ ತರಗತಿಯಿದೆ, ನವೆಂಬರಿನಲ್ಲಿ ರಾಜ್ಯೋತ್ಸವ, ಆಗಾಗ ನಾಟಕ. ಹಾಳೆಯ ಮೇಲೆ ಪೆನ್ಸಿಲ್ಲಿನಿಂದ ಮುಖಪುಟ ಬರೆದಿದ್ದಾಳೆ. ಮೇಲೆ ದೊಡ್ಡದಾಗಿ ಭುವನೇಶ್ವರಿಯ ಚಿತ್ರ, ಅದರ ಕೆಳಗೆ ಅಧ್ಯಕ್ಷರ ಸಂದೇಶ, ಪಕ್ಕದಲ್ಲಿ ಎಂಟು ಬಟನ್ನುಗಳು, ಇನ್ನೂ ಕೆಳಗೆ ಓಡುವ ಫೋಟೋಗಳು. ತರಗತಿಯ ನಾಲ್ಕು ಜನ ಸುತ್ತ ಕುಳಿತಿದ್ದಾರೆ. ಒಬ್ಬ ಮರಾಠಿಯವನು, ಒಬ್ಬಳು ತಮಿಳಿನವಳು, ಒಬ್ಬ ಗುಜರಾತಿ, ಇನ್ನೊಬ್ಬಳು ಕನ್ನಡದವಳೇ, ಆದರೆ ಕನ್ನಡ ಓದಲು ಬಾರದು. ಇವರು ಈಗ ಏನು ಮಾಡಬೇಕು?

ಮೊದಲನೆಯದು, ನಕ್ಷೆ ಇನ್ನೂ ಹಾಳೆಯ ಮೇಲೆ ಇದೆ ಎಂಬುದೇ ದೊಡ್ಡ ಅನುಕೂಲ ಎಂದು ತಿಳಿಯಬೇಕು. ಮನೆ ಕಟ್ಟಿ ನೋಡು ಎಂದರಲ್ಲ ಹಿರಿಯರು, ಕಟ್ಟಿದವರನ್ನು ಕೇಳಿ. ಅಡುಗೆಮನೆ ಈ ಕಡೆ ಬೇಡ, ಆ ಕಡೆ ಇರಲಿ ಎಂದು ಪ್ಲಾನ್ ನೋಡುವಾಗ ಹೇಳಿದರೆ ರಬ್ಬರಿನಿಂದ ಒಂದು ಗೆರೆ ಅಳಿಸಿದರೆ ಸಾಕು. ಗೋಡೆ ಎದ್ದ ಮೇಲೆ ಹೇಳಿದರೆ ಇಟ್ಟಿಗೆ ಒಡೆಯಬೇಕು. ವೆಬ್‌ಸೈಟೂ ಹಾಗೆಯೇ. ಆದ್ದರಿಂದ ಕಾಗದದ ಹಂತದಲ್ಲಿ ದೊಡ್ಡ ವಿಷಯಗಳನ್ನು ಮಾತ್ರ ಕೇಳಿ: ಇದು ಯಾರಿಗಾಗಿ, ಅವರು ಏನು ಹುಡುಕಿಕೊಂಡು ಬರುತ್ತಾರೆ, ಅದು ಸುಲಭವಾಗಿ ಸಿಗುತ್ತದೆಯೇ. ಹಳದಿ ಕೆಂಪು ಎಷ್ಟು ಗಾಢವಾಗಿರಬೇಕು ಎಂಬ ಚರ್ಚೆ ಈಗ ಬೇಡ, ಅದಕ್ಕೆ ಮುಂದೆ ಸಮಯವಿದೆ.

ಎರಡನೆಯದು, ನಕ್ಷೆ ತಂದವಳಿಗೆ ಮೊದಲ ಎರಡು ನಿಮಿಷ ಕೊಡಿ. ಅವಳು ಮೂರು ವಿಷಯ ಹೇಳಲಿ. ಯಾರಿಗಾಗಿ ಮಾಡುತ್ತಿದ್ದೇನೆ, ಕೆಲಸ ಯಾವ ಹಂತದಲ್ಲಿದೆ, ಯಾವುದರ ಬಗ್ಗೆ ನನಗೇ ಅನುಮಾನ ಇದೆ. "ಎಂಟು ಬಟನ್ನು ಹೆಚ್ಚಾಯಿತೇನೋ ಎಂದು ನನಗೇ ಅನಿಸುತ್ತಿದೆ" ಎಂದು ಅವಳೇ ಹೇಳಿದರೆ ಮಾತು ತಾನಾಗಿ ಸರಿಯಾದ ಕಡೆಗೆ ಹರಿಯುತ್ತದೆ. ಏನೂ ಹೇಳದೆ ಹಾಳೆಯನ್ನು ಮೇಜಿನ ಮೇಲಿಟ್ಟರೆ, ಪ್ರತಿಯೊಬ್ಬರೂ ತಮಗೆ ಇಷ್ಟವಾದ ಬಣ್ಣದ ಬಗ್ಗೆಯೇ ಮಾತನಾಡುತ್ತಾರೆ.

ಮೂರನೆಯದು ಬಹಳ ಮುಖ್ಯ. ನಕ್ಷೆಯನ್ನು ನೋಡಬೇಡಿ, ಬಳಸಿ. ವೆಬ್‌ಸೈಟ್ ಗೋಡೆಗೆ ತೂಗುಹಾಕುವ ಚಿತ್ರವಲ್ಲ, ಅದು ಒಂದು ಕೌಂಟರು ಇದ್ದ ಹಾಗೆ. ಜನ ಕೆಲಸಕ್ಕೆಂದು ಬರುತ್ತಾರೆ. ಆದ್ದರಿಂದ ನಾಲ್ವರಿಗೂ ಒಂದು ಕೆಲಸ ಕೊಡಿ: "ನಿಮ್ಮ ತಮ್ಮನನ್ನು ಭಾನುವಾರದ ಕನ್ನಡ ತರಗತಿಗೆ ಸೇರಿಸಬೇಕು. ಎಷ್ಟು ಗಂಟೆಗೆ, ಎಲ್ಲಿ ಎಂಬುದನ್ನು ಈ ಹಾಳೆಯಲ್ಲಿ ಬೆರಳಿಟ್ಟು ಹುಡುಕಿ." ಒಬ್ಬೊಬ್ಬರಾಗಿ ಹುಡುಕಲಿ. ನಕ್ಷೆ ಬರೆದವಳು ಬಾಯಿ ಮುಚ್ಚಿ ನೋಡಬೇಕು. "ಅಲ್ಲಲ್ಲ, ಪಕ್ಕದ್ದು ಒತ್ತು" ಎಂದು ಹೇಳಿಕೊಟ್ಟರೆ ಪರೀಕ್ಷೆ ಅಲ್ಲಿಗೆ ಮುಗಿಯಿತು. ನಾಳೆ ಬಳಸುವವರ ಪಕ್ಕದಲ್ಲಿ ಅವಳು ಕೂತಿರುವುದಿಲ್ಲವಲ್ಲ! ಮರಾಠಿಯ ಹುಡುಗ "ಚಟುವಟಿಕೆ" ಎಂಬಲ್ಲಿ ಬೆರಳಿಟ್ಟ, ತಮಿಳಿನ ಹುಡುಗಿ "ಶಿಕ್ಷಣ" ಎಂಬಲ್ಲಿ ಇಟ್ಟಳು, ಮೂರನೆಯವನು ಅಧ್ಯಕ್ಷರ ಸಂದೇಶವನ್ನು ಓದಿಸಿಕೊಂಡ ಎಂದುಕೊಳ್ಳಿ. ಯಾರೂ ಟೀಕೆ ಮಾಡದೆಯೇ ಹುಡುಗಿಗೆ ವಿಷಯ ತಿಳಿಯಿತು. ತರಗತಿಯ ಮಾಹಿತಿ ಎಲ್ಲಿದೆ ಎಂದು ಬಟನ್ನಿನ ಹೆಸರು ಹೇಳುತ್ತಿಲ್ಲ.

ಈ ಬಗೆಯ ಪರೀಕ್ಷೆಗೆ ನೂರಾರು ಜನ ಬೇಕಿಲ್ಲ. ವೆಬ್ ಬಳಕೆಯ ಬಗ್ಗೆ ಬಹಳ ಕಾಲದಿಂದ ಬರೆಯುತ್ತ ಬಂದಿರುವ ಡೆನ್ಮಾರ್ಕಿನ ಯಾಕೋಬ್ ನೀಲ್ಸನ್ 2000ದಲ್ಲಿ ಒಂದು ಲೆಕ್ಕವನ್ನು ಮುಂದಿಟ್ಟರು. ತಾವು ಅಧ್ಯಯನ ಮಾಡಿದ ಯೋಜನೆಗಳಲ್ಲಿ ಒಬ್ಬ ಬಳಕೆದಾರ ಸರಾಸರಿ ಶೇಕಡಾ 31ರಷ್ಟು ತೊಂದರೆಗಳನ್ನು ತೋರಿಸಿಕೊಡುತ್ತಾನೆ, ಐದು ಜನ ಸೇರಿದರೆ ಸುಮಾರು ಶೇಕಡಾ 85ರಷ್ಟು ಹೊರಬೀಳುತ್ತವೆ ಎಂದರು. ಹದಿನೈದು ಜನರನ್ನು ಒಂದೇ ಸಲ ಕೂರಿಸುವ ಬದಲು ಐದೈದು ಜನರಂತೆ ಮೂರು ಸಲ, ನಡುವೆ ತಿದ್ದುತ್ತ ಪರೀಕ್ಷಿಸಿ ಎಂಬುದು ಅವರ ಸಲಹೆ. ಎಲ್ಲ ಕಡೆಗೂ ಈ ಲೆಕ್ಕ ಹಾಗೆಯೇ ಹೊಂದುವುದಿಲ್ಲ ಎಂದು ವಾದಿಸಿದವರಿದ್ದಾರೆ. ಆದರೆ ಮೇಜಿನ ಸುತ್ತ ಕುಳಿತ ನಾಲ್ಕೈದು ಗೆಳೆಯರೂ ಬಹಳಷ್ಟನ್ನು ಕಂಡುಹಿಡಿಯಬಲ್ಲರು ಎಂಬ ಧೈರ್ಯಕ್ಕೆ ಇಷ್ಟು ಸಾಕು.

ಇನ್ನು ಮಾತಿನ ವಿಷಯ. ಅಭಿಪ್ರಾಯ ಹೇಳುವುದರಿಂದ ಯಾವಾಗಲೂ ಒಳ್ಳೆಯದೇ ಆಗುತ್ತದೆ ಎಂದು ನಾವು ನಂಬಿದ್ದೇವೆ. ಅದು ನಿಜವಲ್ಲ. ಅವ್ರಹಾಂ ಕ್ಲೂಗರ್ ಮತ್ತು ಆಂಜೆಲೊ ಡಿನೀಸಿ ಎಂಬ ಇಬ್ಬರು ಸಂಶೋಧಕರು ಹಲವಾರು ವರ್ಷಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ 1996ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಒಟ್ಟಾರೆ ಫೀಡ್‌ಬ್ಯಾಕಿನಿಂದ ಪ್ರಯೋಜನ ಕಂಡಿತು. ಆದರೆ ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ಕಡೆ ಕೆಲಸ ಸುಧಾರಿಸುವ ಬದಲು ಇನ್ನೂ ಕೆಟ್ಟಿತ್ತು! ಗಮನ ಕೆಲಸದ ಮೇಲಿಂದ ಜಾರಿ "ನಾನು ಎಂಥವನು" ಎಂಬುದರ ಕಡೆಗೆ ತಿರುಗಿದಷ್ಟೂ ಫೀಡ್‌ಬ್ಯಾಕಿನ ಫಲ ಕಡಿಮೆಯಾಗುತ್ತದೆ ಎಂಬುದು ಅವರ ವಿವರಣೆ. "ನಿನಗೆ ಡಿಸೈನ್ ಸೆನ್ಸೇ ಇಲ್ಲ" ಎಂಬ ಮಾತು ಮಾತ್ರವಲ್ಲ, "ನೀನು ಜೀನಿಯಸ್ ಬಿಡು" ಎಂಬ ಮಾತೂ ಹಾಳೆಯಿಂದ ಕಣ್ಣನ್ನು ಬೇರೆಡೆಗೆ ಎಳೆಯುತ್ತದೆ.

ಹಾಗಾದರೆ ಹೇಗೆ ಹೇಳುವುದು? ಮೂರು ಮೆಟ್ಟಿಲಲ್ಲಿ ಹೇಳಿ. ಏನು ಕಂಡೆ, ನನಗೆ ಏನಾಯಿತು, ಏನು ಕೇಳಬೇಕೆನಿಸಿತು.

"ಮುಖಪುಟ ತುಂಬ ಗೊಂದಲ" ಎನ್ನುವ ಬದಲು ಹೀಗೆ ಹೇಳಿ ನೋಡಿ: "ಪಕ್ಕದಲ್ಲಿ ಎಂಟು ಬಟನ್ನು ಇವೆ. ತರಗತಿಯ ಸಮಯ ಹುಡುಕುವಾಗ 'ಚಟುವಟಿಕೆ', 'ಶಿಕ್ಷಣ' ಎರಡರಲ್ಲಿ ಯಾವುದನ್ನು ಒತ್ತಲಿ ಎಂದು ನಿಂತುಬಿಟ್ಟೆ. ಎರಡೂ ಬೇರೆ ಬೇರೆ ಇರಲೇಬೇಕಾ?" ಇದರಲ್ಲಿ ಜಗಳಕ್ಕೆ ಜಾಗವಿಲ್ಲ. ಬಟನ್ನು ಎಂಟು ಇರುವುದು ನಿಜ, ನೀವು ನಿಂತದ್ದೂ ನಿಜ. ಉತ್ತರವನ್ನು ಅವಳಿಗೇ ಬಿಟ್ಟಿದ್ದೀರಿ.

ಹೊಗಳುವಾಗಲೂ ಇದೇ ಕ್ರಮ. "ಸೂಪರ್" ಎಂದರೆ ಯಾವುದನ್ನು ಉಳಿಸಿಕೊಳ್ಳಬೇಕೆಂದು ಗೊತ್ತಾಗುವುದಿಲ್ಲ. "ಗ್ರಂಥಾಲಯದ ಪುಟದಲ್ಲಿ ಪುಸ್ತಕ ಒಳಗಿದೆಯೋ ಎರವಲು ಹೋಗಿದೆಯೋ ಎಂದು ಮೊದಲೇ ತೋರಿಸಿದ್ದೀಯ. ಲೋಕಲ್ ಟ್ರೇನ್ ಹಿಡಿದು ಬಂದು ಬರಿಗೈಲಿ ಹೋಗುವುದು ತಪ್ಪುತ್ತದೆ" ಎಂದರೆ ಆ ಭಾಗವನ್ನು ಅವಳು ಕೈಬಿಡುವುದಿಲ್ಲ. ತಿದ್ದುವ ಭರದಲ್ಲಿ ಒಳ್ಳೆಯದನ್ನೂ ಅಳಿಸಿಬಿಡುವುದು ಹೊಸಬರಲ್ಲಿ ಸಾಮಾನ್ಯ.

ಇನ್ನೊಂದು ಎಚ್ಚರಿಕೆ. ಪೆನ್ಸಿಲ್ ಕಿತ್ತುಕೊಂಡು ನೀವೇ ಬರೆಯಲು ಕೂರಬೇಡಿ. ನಾಟಕದ ತಾಲೀಮಿನಲ್ಲಿ ಕೆಲವರಿರುತ್ತಾರಲ್ಲ, "ಸರಿ, ನಾನು ಮಾಡಿ ತೋರಿಸ್ತೀನಿ" ಎಂದು ಪಾತ್ರವನ್ನೇ ನುಂಗಿಬಿಡುವವರು, ಹಾಗಾಗುತ್ತದೆ. ಗೆಳತಿಯ ನಕ್ಷೆ ಕೊನೆಗೂ ಗೆಳತಿಯದೇ ಆಗಿರಬೇಕು.

ಅಮೆರಿಕದ ಶಿಕ್ಷಕ ರಾನ್ ಬರ್ಗರ್ ಇಂಥ ಮಾತಿಗೆ ಮೂರು ಗುಣ ಹೇಳುತ್ತಾರೆ. ಅದು ಮೃದುವಾಗಿರಬೇಕು, ನಿರ್ದಿಷ್ಟವಾಗಿರಬೇಕು, ಸಹಾಯಕ್ಕೆ ಬರಬೇಕು. ಅವರು ಎಲ್ಲ ಕಡೆ ತೋರಿಸುವ ಉದಾಹರಣೆ ಐಡಹೋ ರಾಜ್ಯದ ಬಾಯ್ಸಿ ನಗರದ ಒಂದನೇ ತರಗತಿಯ ಹುಡುಗ ಆಸ್ಟಿನ್‌ನದು. ಅವನು ಫೋಟೋ ನೋಡಿಕೊಂಡು ಒಂದು ಚಿಟ್ಟೆಯ ಚಿತ್ರ ಬರೆಯಬೇಕಿತ್ತು. ಮೊದಲ ಚಿತ್ರ ಎಲ್ಲ ಮಕ್ಕಳು ಬರೆಯುವಂಥದ್ದೇ. ತರಗತಿಯ ಮಕ್ಕಳು ಫೋಟೋದ ಪಕ್ಕ ಇಟ್ಟು ನೋಡಿ ರೆಕ್ಕೆಯ ಆಕಾರದ ಬಗ್ಗೆ ಮೊದಲು ಹೇಳಿದರು, ಅದು ಇನ್ನೂ ಚೂಪಾಗಿರಬೇಕೆಂದರು. ಆಕಾರ ಸರಿಹೋದ ಮೇಲೆ ರೆಕ್ಕೆಯೊಳಗಿನ ಪಟ್ಟೆಗಳ ಬಗ್ಗೆ ಹೇಳಿದರು. ಕೊನೆಗೆ ಬಣ್ಣ. ಆರನೆಯ ಸಲ ಬರೆದದ್ದನ್ನು ನೋಡಿದರೆ ಅದು ಅದೇ ಮಗುವಿನದು ಎಂದು ನಂಬುವುದು ಕಷ್ಟ. ಆರು ವರ್ಷದ ಆಸುಪಾಸಿನ ಮಕ್ಕಳು ಒಂದು ಸಲಕ್ಕೆ ಒಂದೇ ವಿಷಯ ಹಿಡಿದು, ಮೊದಲು ಆಕಾರ ಆಮೇಲೆ ವಿವರ ಎಂಬ ಕ್ರಮದಲ್ಲಿ ಹೇಳಬಲ್ಲರಾದರೆ ಕಾಲೇಜಿನವರಿಗೆ ಏನು ಕಷ್ಟ?

ನಮ್ಮ ಹುಡುಗಿಯ ನಕ್ಷೆಯೂ ಈಗ ಆಕಾರ ಪಡೆದಿದೆ, ಕಂಪ್ಯೂಟರಿನಲ್ಲಿ ಬಣ್ಣ ಮತ್ತು ಅಕ್ಷರದ ಹಂತಕ್ಕೆ ಬಂದಿದೆ ಎಂದುಕೊಳ್ಳಿ. ಈಗ ವಿವರ ನೋಡಬಹುದು. ಬಿಳಿಯ ಮೇಲೆ ತಿಳಿ ಬೂದು ಅಕ್ಷರ ಹಾಕುವುದು ಇಂದಿನ ಫ್ಯಾಷನ್. ಇಪ್ಪತ್ತರ ಕಣ್ಣಿಗೆ ಅದು ಚಂದ. ಎಪ್ಪತ್ತರ ಅಜ್ಜಿಗೆ, ಬಿಸಿಲಿನಲ್ಲಿ ಬಸ್ ಸ್ಟಾಪಿನಲ್ಲಿ ಮೊಬೈಲ್ ಹಿಡಿದವರಿಗೆ ಅದು ಕಾಣುವುದೇ ಇಲ್ಲ. ಇದು ರುಚಿಯ ಪ್ರಶ್ನೆಯಲ್ಲ, ಅಳೆಯಬಹುದಾದ ವಿಷಯ. ಎಲ್ಲರಿಗೂ ವೆಬ್ ಎಟುಕಬೇಕೆಂದು 2008ರಲ್ಲಿ ಬಂದ ಅಂತರರಾಷ್ಟ್ರೀಯ ಮಾರ್ಗಸೂಚಿಯ ಪ್ರಕಾರ ಸಾಮಾನ್ಯ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ಇರುವ ಹೊಳಪಿನ ಅನುಪಾತ ಕನಿಷ್ಠ 4.5ಕ್ಕೆ 1 ಇರಬೇಕು. 999999 ಎಂಬ ಸಂಕೇತದ ಬೂದು ಬಣ್ಣ ಬಿಳಿಯ ಮೇಲೆ 3ನ್ನೂ ಮುಟ್ಟುವುದಿಲ್ಲ. "ನನಗೆ ಬೂದು ಇಷ್ಟವಿಲ್ಲ" ಎಂದರೆ ಅದು ಜಗಳ. "ಅನುಪಾತ 4.5ಕ್ಕಿಂತ ಕಡಿಮೆ ಇದೆ, ಸಂಘದ ಹಿರಿಯ ಸದಸ್ಯರು ಓದಲಾರರು" ಎಂದರೆ ಅದು ಸಹಾಯ.

ಇನ್ನು ಕನ್ನಡದ ಅಕ್ಷರ. ಇಲ್ಲಿ ಮರಾಠಿ ಗುಜರಾತಿ ಗೆಳೆಯರು ಹೆಚ್ಚು ನೆರವಾಗಲಾರರು. ಇಂಗ್ಲಿಷಿಗೆ ಹೊಂದುವ ಸಾಲಿನ ಅಂತರವನ್ನೇ ಕನ್ನಡಕ್ಕೂ ಕೊಟ್ಟರೆ "ರಾಷ್ಟ್ರ", "ವೈಶಿಷ್ಟ್ಯ" ಇಂಥ ಪದಗಳ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ಹೋಗಿ ಬಡಿಯುತ್ತದೆ. "ಜಾಯಿನ್" ಎಂಬ ಮಾತಿಗೆ ಅಳತೆ ಮಾಡಿದ ಬಟನ್ನಿನೊಳಗೆ "ಸದಸ್ಯರಾಗಿ ನೋಂದಾಯಿಸಿಕೊಳ್ಳಿ" ಎಂಬುದು ಹಿಡಿಸುವುದಿಲ್ಲ, ಅರ್ಧಕ್ಕೆ ತುಂಡಾಗುತ್ತದೆ. ಸಂಘದ ಹಳೆಯ ವರದಿಗಳನ್ನು ಯೂನಿಕೋಡ್ ಬರುವ ಮುಂಚಿನ ಫಾಂಟಿನಲ್ಲಿ ಟೈಪ್ ಮಾಡಿದ್ದರೆ, ಅದನ್ನು ಹಾಗೆಯೇ ಎತ್ತಿ ಹಾಕಿದಾಗ ಕನ್ನಡದ ಬದಲು ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ ಕಾಣುತ್ತದೆ. ಯೂನಿಕೋಡಿಗೆ ಬದಲಿಸಿಯೇ ಹಾಕಬೇಕು. ಕಾರ್ಯಕ್ರಮದ ವಿವರವನ್ನು ಚಿತ್ರವಾಗಿ ಅಂಟಿಸಿದರೆ ಹುಡುಕಿದಾಗ ಸಿಗುವುದಿಲ್ಲ, ಕಣ್ಣು ಕಾಣದವರಿಗೆ ಓದಿ ಹೇಳುವ ತಂತ್ರಾಂಶಕ್ಕೂ ಆ ಚಿತ್ರದೊಳಗಿನ ಅಕ್ಷರ ದಕ್ಕುವುದಿಲ್ಲ.

ಇದನ್ನೆಲ್ಲ ಯಾರು ಹೇಳಬೇಕು? ಹಿರಿಯರೇ, ನೀವೇ ಹೇಳಬೇಕು. ಮುಂಬಯಿಯ, ದಿಲ್ಲಿಯ ತರಗತಿಯಲ್ಲಿ ಕನ್ನಡ ಓದಬಲ್ಲವರು ಒಬ್ಬರೋ ಇಬ್ಬರೋ. ನಿಮಗೆ ಕಂಪ್ಯೂಟರ್ ಬಾರದಿರಬಹುದು, ಆದರೆ ಕನ್ನಡ ಓದುವ ಕಣ್ಣಿದೆ. "ನನಗೇನು ತಿಳಿಯುತ್ತದೆ ಮಗಾ" ಎಂದು ಹಾಳೆಯನ್ನು ಹಿಂದಕ್ಕೆ ಕೊಡಬೇಡಿ. "ಈ ಸಾಲು ಓದಲಾಗುತ್ತಿಲ್ಲ" ಎಂದರೆ ಸಾಕು, ಅದೇ ದೊಡ್ಡ ಅಭಿಪ್ರಾಯ. ಆ ಸೈಟಿನ ನಿಜವಾದ ಬಳಕೆದಾರರು ತರಗತಿಯ ಗೆಳೆಯರಲ್ಲ, ನೀವು. ಮಗ ಅಥವಾ ಮೊಮ್ಮಗಳು ತನ್ನ ಕೈಯಾರೆ ಕನ್ನಡದಲ್ಲಿ ಒಂದು ಪುಟ ಕಟ್ಟಲು ಹೊರಟಿರುವಾಗ "ಚೆನ್ನಾಗಿದೆ" ಎಂದು ಟಿವಿ ಕಡೆ ತಿರುಗಿದರೆ, ಮುಂದಿನ ಸಲ ಆ ಮಗು ಇಂಗ್ಲಿಷಿನಲ್ಲೇ ಮಾಡಿ ಮುಗಿಸುತ್ತದೆ. ಕೇಳುವವರಿಲ್ಲದ ಕಡೆ ಯಾರು ಕಷ್ಟಪಡುತ್ತಾರೆ ಹೇಳಿ?

ಅಭಿಪ್ರಾಯ ಕೇಳಿಸಿಕೊಳ್ಳುವವರಿಗೂ ಎರಡು ಮಾತು. ಗೆಳೆಯರು ಹೇಳುವಾಗ ಬರೆದುಕೊಳ್ಳಿ, ವಾದ ಮಾಡಬೇಡಿ. "ಅದು ಯಾಕೆ ಹಾಗಿದೆ ಅಂದರೆ..." ಎಂದು ವಿವರಿಸಲು ಶುರು ಮಾಡಿದಿರೋ, ಎದುರಿನವರು ಮಾತು ನಿಲ್ಲಿಸುತ್ತಾರೆ. ಅರ್ಥವಾಗದಿದ್ದರೆ "ಯಾವ ಜಾಗದಲ್ಲಿ ಹಾಗನ್ನಿಸಿತು?" ಎಂದು ಮಾತ್ರ ಕೇಳಿ. ಹೇಳಿದ್ದೆಲ್ಲವನ್ನೂ ಒಪ್ಪಬೇಕಾಗಿಲ್ಲ. ಒಬ್ಬ ಭುವನೇಶ್ವರಿಯ ಚಿತ್ರ ದೊಡ್ಡದಾಗಲಿ ಎನ್ನುತ್ತಾನೆ, ಇನ್ನೊಬ್ಬಳು ತೆಗೆದುಬಿಡು ಎನ್ನುತ್ತಾಳೆ. ಇಬ್ಬರನ್ನೂ ಮೆಚ್ಚಿಸಲು ಹೋದರೆ ಕೆಲಸ ಕೆಡುತ್ತದೆ. ಆಗ ಮೊದಲ ಪ್ರಶ್ನೆಗೆ ಹಿಂದಿರುಗಿ: ಇದು ಯಾರಿಗಾಗಿ? ತರಗತಿಯ ಸಮಯ ಹುಡುಕಿ ಬರುವ ತಾಯಿಗೆ ಚಿತ್ರ ಅಡ್ಡ ಬರುತ್ತಿದೆಯೇ? ಬಂದರೆ ಚಿಕ್ಕದಾಗಲಿ, ಬರದಿದ್ದರೆ ಇರಲಿ. ಕೊನೆಗೆ "ನಾನು ಈ ಎರಡನ್ನು ಬದಲಿಸುತ್ತೇನೆ, ಇದನ್ನು ಇಂಥ ಕಾರಣಕ್ಕೆ ಹಾಗೇ ಬಿಡುತ್ತೇನೆ" ಎಂದು ಗೆಳೆಯರ ಮುಂದೆ ಹೇಳಿ. ತಮ್ಮ ಮಾತು ಗಾಳಿಗೆ ಹೋಗಲಿಲ್ಲ ಎಂದು ಅವರಿಗೂ ತಿಳಿಯುತ್ತದೆ.

ಇಷ್ಟೆಲ್ಲ ಮಾಡಿದರೆ ನನಗೇನು ಲಾಭ, ನನ್ನ ಪ್ರಾಜೆಕ್ಟೇ ಬಾಕಿ ಇದೆ ಎಂದು ಯಾರಾದರೂ ಕೇಳಬಹುದು. ಲಾಭ ಇದೆ. ಕ್ರಿಸ್ಟಿ ಲಂಡ್‌ಸ್ಟ್ರಾಮ್ ಮತ್ತು ವೆಂಡಿ ಬೇಕರ್ ಎಂಬ ಇಬ್ಬರು 2009ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಇಂಗ್ಲಿಷ್ ಬರವಣಿಗೆ ಕಲಿಯುತ್ತಿದ್ದ ವಿದ್ಯಾರ್ಥಿಗಳಲ್ಲಿ ಒಂದು ಗುಂಪು ಬೇರೆಯವರ ಬರಹ ಓದಿ ಅಭಿಪ್ರಾಯ ಕೊಡುವುದನ್ನು ಮಾತ್ರ ಕಲಿಯಿತು, ಇನ್ನೊಂದು ಗುಂಪು ಅಭಿಪ್ರಾಯ ಪಡೆದು ಬಳಸುವುದನ್ನು ಮಾತ್ರ ಕಲಿಯಿತು. ಅವಧಿಯ ಕೊನೆಗೆ ಸ್ವಂತ ಬರವಣಿಗೆಯಲ್ಲಿ ಹೆಚ್ಚು ಸುಧಾರಿಸಿದ್ದು ಕೊಟ್ಟವರು, ಪಡೆದವರಲ್ಲ! ಅದು ಬರವಣಿಗೆಯ ತರಗತಿ, ವೆಬ್‌ಸೈಟಿನದಲ್ಲ. ಆದರೆ ಕಾರಣ ಎರಡಕ್ಕೂ ಹೊಂದುತ್ತದೆ. ಗೆಳತಿಯ ನಕ್ಷೆಯಲ್ಲಿ ಬಟನ್ನಿನ ಹೆಸರು ಗೊಂದಲವಾಗಿದೆ ಎಂದು ಬಿಡಿಸಿ ಹೇಳಿದವನು, ಮನೆಗೆ ಹೋಗಿ ತನ್ನ ನಕ್ಷೆ ತೆರೆದಾಗ ಅದೇ ಕಣ್ಣಿನಿಂದ ನೋಡುತ್ತಾನೆ.

ಆದ್ದರಿಂದ ಈ ವಾರ ಒಂದು ಸಣ್ಣ ಕೆಲಸ ಮಾಡಿ. ನಿಮ್ಮ ಮನೆಯಲ್ಲೋ ತರಗತಿಯಲ್ಲೋ ಯಾರಾದರೂ ವೆಬ್‌ಸೈಟಿನ ನಕ್ಷೆ ತಂದರೆ ಹದಿನೈದು ನಿಮಿಷ ಎತ್ತಿಡಿ. ಎರಡು ನಿಮಿಷ ಅವರು ಹೇಳಲಿ. ಐದು ನಿಮಿಷ ನೀವು ಬೆರಳಿಟ್ಟು ಹುಡುಕಿ, ಅವರು ಸುಮ್ಮನೆ ನೋಡಲಿ. ಐದು ನಿಮಿಷ ಕಂಡದ್ದು, ಆದದ್ದು, ಕೇಳಬೇಕಾದ್ದು ಹೇಳಿ. ಉಳಿದ ಮೂರು ನಿಮಿಷದಲ್ಲಿ ಏನು ಬದಲಿಸುತ್ತೇನೆಂದು ಅವರು ಹೇಳಲಿ. ಒಂದು ಲೋಟ ಕಾಫಿ ಮುಗಿಯುವಷ್ಟು ಹೊತ್ತು. ಇಷ್ಟೇ ಹೊತ್ತಿನಲ್ಲಿ ಒಬ್ಬರ ಹಲವು ದಿನಗಳ ದುಡಿಮೆ ಸರಿಯಾದ ದಾರಿ ಹಿಡಿಯಬಹುದು.